ನನ್ನ ಸೂರಿನ ಬಿಸಿಲನ್ನು ಕೊಂಡವರಿಗೆ

ಇವರಿಗೆ,
ಒಪ್ಪಂದ ಪಾಲನಾ ವಿಭಾಗದ ಮುಖ್ಯಸ್ಥರು,
ಸನ್‌ಥಿಸಲ್ ಹಸಿರು ಪ್ರಮಾಣಪತ್ರ ಕಂಪನಿ.

ಪರಮಮಾನ್ಯರೇ,

ನಾವು ಕ್ವೇಕರರು ಎಂಬ ಕ್ರೈಸ್ತ ಪಂಗಡದವರು. ಮುನ್ನೂರು ವರ್ಷಗಳಿಂದ ಯಾವ ರಾಜನೆದುರೂ ಟೋಪಿ ತೆಗೆದವರಲ್ಲ, ಯಾವ ನ್ಯಾಯಾಧೀಶರನ್ನೂ ‘ಮಾನ್ಯರೇ’ ಎಂದು ಕರೆದವರಲ್ಲ. ಎಲ್ಲರೂ ಸಮಾನರೆಂಬುದು ನಮ್ಮ ಹಟ. ಆದರೂ ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿಯ ನಿವೃತ್ತ ಶಾಲಾ ದಾದಿ ಟೇಸಿ ಹ್ಯಾಲೊವೆಲ್ ಎಂಬ ನಾನು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಹಟ ಬಿಟ್ಟು ತಮ್ಮನ್ನು ಪರಮಮಾನ್ಯರೇ ಎನ್ನುತ್ತಿದ್ದೇನೆಂದರೆ, ತಾವು ಮಾಡಿರುವುದು ರಾಜರ ಕೈಲೂ ಆಗದ ಕೆಲಸ. ಬಾಳೆಹಣ್ಣಿನ ಸಿಪ್ಪೆ ಸುಲಿದಷ್ಟು ಸಲೀಸಾಗಿ ಕರೆಂಟಿನಿಂದ ಬಿಸಿಲನ್ನು ಸುಲಿದು ತೆಗೆದಿದ್ದೀರಿ.

ಕಳೆದ ತಿಂಗಳು ತಮ್ಮಿಂದ ಬಂದ ಸೌಜನ್ಯಪೂರ್ಣ ಪತ್ರವನ್ನು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ನನ್ನ ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ನಾನೇ ಬಣ್ಣ ಬಳಿದು ನೆಟ್ಟಿದ್ದ ‘ಈ ಮನೆ ಬಿಸಿಲಿನಿಂದ ನಡೆಯುತ್ತದೆ’ ಎಂಬ ಫಲಕ ತಮ್ಮ ಪ್ರತಿನಿಧಿಯ ಕಣ್ಣಿಗೆ ಬಿತ್ತೆಂದೂ, ಅದು ಅಸತ್ಯವೆಂದೂ, ಕೂಡಲೇ ತೆಗೆಯಬೇಕೆಂದೂ, ಬೇಕಿದ್ದರೆ ‘ಈ ಮನೆಯ ಮೇಲೆ ಸೋಲಾರ್ ಹಲಗೆಗಳಿವೆ’ ಎಂದು ಬರೆದುಕೊಳ್ಳಲು ಅಡ್ಡಿಯಿಲ್ಲವೆಂದೂ ತಾವು ತಿಳಿಸಿದ್ದಿರಿ. ಅಸತ್ಯವಂತೆ! ಅಯ್ಯೋ, ಆ ಒಂದು ಪದ ನಮ್ಮವರಿಗೆ ಎಂಥ ಬೈಗುಳವೆಂದು ತಮಗೆ ಹೇಗೆ ತಿಳಿಯಬೇಕು? ನಮ್ಮ ಜನ ಕೋರ್ಟಿನಲ್ಲೂ ಪ್ರಮಾಣ ಮಾಡುವುದಿಲ್ಲ. ಮಾಡಿದರೆ, ಮಿಕ್ಕ ದಿನಗಳಲ್ಲಿ ಸುಳ್ಳು ಹೇಳುತ್ತೇವೆಂದು ನಾವೇ ಒಪ್ಪಿಕೊಂಡಂತೆ ಆಗುತ್ತದೆ ಎಂಬ ಭಯ.

ಗಾಬರಿಯಿಂದ ತಮ್ಮ ಕಚೇರಿಗೆ ಫೋನ್ ಮಾಡಿದೆ. ಡೆಲ್ಫೀನ್ ಎಂಬ ಹುಡುಗಿ ನನ್ನ ದಡ್ಡತನಕ್ಕೆ ಒಂದಿಷ್ಟೂ ಬೇಸರಿಸದೆ ವಿವರಿಸಿದಳು. ಹಲಗೆಗಳು ಸಾವಿರ ಯೂನಿಟ್ ಕರೆಂಟ್ ಮಾಡಿದಾಗಲೆಲ್ಲ ಒಂದು ಹಸಿರು ಪ್ರಮಾಣಪತ್ರ ಹುಟ್ಟುತ್ತದಂತೆ. ಆ ಪತ್ರ ಯಾರದಾಗುತ್ತದೋ ಅವರು ಮಾತ್ರ ‘ನಾವು ಬಿಸಿಲಿನ ಕರೆಂಟ್ ಬಳಸಿದೆವು’ ಎನ್ನಬಹುದಂತೆ. ನಾಲ್ಕು ವರ್ಷದ ಹಿಂದೆ ಹಲಗೆ ಹಾಕಿಸುವಾಗ ನಾನು ಸಹಿ ಹಾಕಿದ ಒಪ್ಪಂದದ ಹನ್ನೊಂದನೆಯ ಪುಟದಲ್ಲಿ, ಹತ್ತು ವರ್ಷ ಹುಟ್ಟುವ ಅಷ್ಟೂ ಪತ್ರಗಳನ್ನು ತಮಗೆ ಮಾರಿದ್ದೇನಂತೆ. “ಕರೆಂಟೆಲ್ಲಾ ನಿಮ್ದೇ ಮೇಡಂ, ಅದರ ಹಸಿರು ಮಾತ್ರ ನಮ್ದು” ಎಂದಳು. “ಹಾಗಾದ್ರೆ ನಮ್ಮನೆ ಒಲೆ ಉರೀತಿರೋದು ಯಾತರಿಂದಮ್ಮಾ?” ಎಂದರೆ, “ಲೆಕ್ಕದಲ್ಲಿ ಅದು ಊರಿಗೆಲ್ಲಾ ಬರೋ ಕರೆಂಟೇ ಮೇಡಂ. ಗ್ಯಾಸು, ಕಲ್ಲಿದ್ದಲು ಎಲ್ಲಾ ಕಲಸಿರತ್ತೆ. ಬೇಜಾರ್ ಮಾಡ್ಕೋಬೇಡಿ” ಎಂದು ಸಮಾಧಾನವನ್ನೂ ಹೇಳಿದಳು. ಹನ್ನೊಂದನೆಯ ಪುಟ ಓದದೆ ಸಹಿ ಹಾಕಿದವಳು ನಾನೇ, ತಪ್ಪು ನನ್ನದೂ ಹೌದು.

ಆದರೆ ತಮ್ಮ ಪ್ರತಿಭೆಯನ್ನು ಹೊಗಳದಿರಲಾರೆ. ಹಸುವನ್ನು ನನ್ನ ಕೊಟ್ಟಿಗೆಯಲ್ಲೇ ಬಿಟ್ಟು, ಹಾಲನ್ನೂ ನನಗೇ ಬಿಟ್ಟು, ಅದರ ಬಿಳುಪನ್ನಷ್ಟೇ ಕರೆದೊಯ್ಯುವ ಗೌಳಿಗರನ್ನು ಈ ಜಿಲ್ಲೆ ಕಂಡಿರಲಿಲ್ಲ. ಈ ವರ್ಷದ ನನ್ನ ಬಿಸಿಲು ಹೆದ್ದಾರಿ ಪಕ್ಕದ ಮಂಜುಗಡ್ಡೆ ಜಾರಾಟದ (ಐಸ್ ಸ್ಕೇಟಿಂಗ್) ಅಂಗಳಕ್ಕೆ ಹೋಯಿತೆಂದು ಡೆಲ್ಫೀನ್ ಹೇಳಿದಳು. ಅವರು ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ‘ನಾವು ನೂರಕ್ಕೆ ನೂರು ಬಿಸಿಲಿನಿಂದ ನಡೆಯುತ್ತೇವೆ’ ಎಂದು ಬರೆಸಿಕೊಂಡಿದ್ದಾರೆ. ಜುಲೈ ತಿಂಗಳ ಸೆಕೆಯಲ್ಲಿ ನನ್ನ ಬಿಸಿಲು ಅಲ್ಲಿ ಮಂಜುಗಡ್ಡೆ ಕಟ್ಟುತ್ತಿದೆ, ನಾನು ಇಲ್ಲಿ ಕಲ್ಲಿದ್ದಲಿನಲ್ಲಿ ಸೇಬಿನ ಕಡುಬು ಬೇಯಿಸುತ್ತಿದ್ದೇನೆ. ಈ ವಿಷಯದಲ್ಲಿ ಕೆಲವು ಚಿಕ್ಕಪುಟ್ಟ ಬಿನ್ನಹಗಳಿವೆ. ಹಿತ್ತಲ ಹಗ್ಗದ ಮೇಲೆ ಒಣಗುವ ನನ್ನ ಲಂಗಗಳು ಯಾವುದರಿಂದ ಒಣಗುತ್ತಿವೆ ಎಂದು ಲಿಖಿತವಾಗಿ ತಿಳಿಸಬೇಕು. ನನ್ನ ಕತ್ತಿನ ಹಿಂಬದಿ ಸುಟ್ಟು ಕಪ್ಪಾಗಿದೆಯಲ್ಲ, ಅದು ಜಾರಾಟದ ಅಂಗಳದವರಿಗೆ ಸೇರಿದ್ದಾದರೆ ಒಯ್ಯಲು ಯಾರನ್ನಾದರೂ ಕಳಿಸಬೇಕು. ಮತ್ತು ಲೆಕ್ಕ ಸರಿಹೋಗಲೆಂದು ನನ್ನ ಚಿಮಣಿಗೆ ದಿನಕ್ಕೆ ಎರಡು ಹೊತ್ತು ಒಂದಿಷ್ಟು ಹೊಗೆಯನ್ನು ಒದಗಿಸಬೇಕು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಮ್ಮ ಭಾನುವಾರದ ಸಭೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಒಂದು ಗಂಟೆ ಸುಮ್ಮನೆ ಕೂರುತ್ತೇವೆ, ಹೇಳಲೇಬೇಕಾದ್ದು ಇದ್ದವರು ಎದ್ದು ಹೇಳುತ್ತಾರೆ. ಮತ ಹಾಕುವ ಪದ್ಧತಿಯೂ ಇಲ್ಲ. ಒಬ್ಬರ ಮನಸ್ಸು ಒಪ್ಪದಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಭಾಮನೆಯ ಮಾಡಿಗೆ ಸೋಲಾರ್ ಹಾಕಿಸುವ ಮಾತಿಗೆ ಎರಡು ವರ್ಷ ಅಡ್ಡ ನಿಂತಿದ್ದವರು, ಐವತ್ತು ವರ್ಷ ಆ ಮಾಡನ್ನು ರಿಪೇರಿ ಮಾಡಿಕೊಂಡು ಬಂದ ಬಡಗಿ ಎಲ್‌ವುಡ್ ಪ್ಯಾಸ್‌ಮೋರ್. ಎಂಬತ್ತನಾಲ್ಕರ ಮುದುಕ. “ಈ ಸೋಲಾರ್‌ನೋರದ್ದು ಬರೀ ಬೊಗಳೆ” ಎನ್ನುತ್ತಿದ್ದರು. ಆಗ ನಾನು ಎದ್ದುನಿಂತು, “ನಾಲ್ಕು ವರ್ಷದಿಂದ ನಮ್ಮನೆ ಬಿಸಿಲಿಂದಾನೇ ನಡೀತಿದೆ” ಎಂದೆ. ಅಷ್ಟೇ. “ಟೇಸಿ ಹೇಳಿದ್ಮೇಲೆ ಮುಗೀತು, ಹಾಕ್ಸಿ” ಎಂದುಬಿಟ್ಟರು.

ತಮ್ಮ ಪತ್ರ ಬಂದ ಮೇಲೆ ನಾನು ಮತ್ತೆ ಎದ್ದುನಿಲ್ಲಲೇಬೇಕಾಯಿತು. ಅವತ್ತು ಹೇಳಿದ್ದು ನಿಜವಲ್ಲವಂತೆ, ಬಿಸಿಲನ್ನು ಮಾರಿಬಿಟ್ಟಿದ್ದೇನಂತೆ ಎಂದು ಒಪ್ಪಿಕೊಂಡೆ. ನಾವು ಸಭಾಮನೆಯ ಹಸಿರು ಪತ್ರಗಳನ್ನು ಮಾರದೆ ಇಟ್ಟುಕೊಂಡರೆ ಆಯಿತು, ಆಗ ಬಿಸಿಲು ನಮ್ಮದೇ ಎಂದೂ ಬೇಡಿಕೊಂಡೆ. ಎಲ್‌ವುಡ್ ತಲೆಯೆತ್ತಿ ಮಾಡಿನ ತೊಲೆಗಳನ್ನು ನೋಡಿದರು. ಆಮೇಲೆ, “ಇಟ್ಕೊಂಡ್ರೆ ನಿಜ, ಮಾರಿದ್ರೆ ಸುಳ್ಳು ಅಂದ್ರೆ ಅದೆಂಥ ನಿಜಮ್ಮಾ ಟೇಸಿ? ನಾನು ಒಪ್ಪಿದ್ದು ಹಲಗೆಗಲ್ಲ, ನಿನ್ ಮಾತಿಗೆ. ಈಗ ಮನಸ್ಸು ಬರ್ತಿಲ್ಲ” ಎಂದರು. ಕೆಲಸ ನಿಂತಿತು. ನಲವತ್ತು ಹಲಗೆಗಳಿಗಾಗುವಷ್ಟು ಬಿಸಿಲು ಸಭಾಮನೆಯ ಮಾಡಿನ ಮೇಲೆ ದಿನಾ ಸುಮ್ಮನೆ ಬಿದ್ದು ಹೋಗುತ್ತಿದೆ, ಅಲ್ಲಿ ಯಾರೂ ಯಾವ ಅಸತ್ಯವನ್ನೂ ಬರೆದಿಲ್ಲ. ಜಗತ್ತನ್ನು ಹಸಿರಾಗಿಸುವ ತಮ್ಮ ಕಂಪನಿಗೆ ಈ ಸಾಧನೆಗಾಗಿ ಹಾರ್ದಿಕ ಅಭಿನಂದನೆಗಳು.

ಫಲಕವನ್ನು ಕಿತ್ತಿದ್ದೇನೆ. ಒಪ್ಪಂದದ ಇನ್ನಾರು ವರ್ಷವನ್ನು ತಕರಾರಿಲ್ಲದೆ ಪಾಲಿಸುತ್ತೇನೆ, ಕೊಟ್ಟ ಮಾತು ಮಾತೇ. ಈ ಪತ್ರದ ಪ್ರತಿಯನ್ನು ಕೌಂಟಿಯ ವಾರಪತ್ರಿಕೆಗೂ ಕಳಿಸಿದ್ದೇನೆ, ಅನ್ಯಥಾ ಭಾವಿಸಬಾರದು.

ಹನ್ನೊಂದನೆಯ ಪುಟ ಅಡ್ಡಿಪಡಿಸದಿದ್ದರೆ,
ತಮ್ಮ ವಿಶ್ವಾಸಿ,
ಟೇಸಿ ಹ್ಯಾಲೊವೆಲ್

ಮರೆತ ಮಾತು: ಸಭೆ ಮುಗಿದ ಮೇಲೆ ಎಲ್‌ವುಡ್‌ಗೆ ಕಾಫಿ ಕೊಡುವವಳು ಮೂವತ್ತು ವರ್ಷದಿಂದ ನಾನೇ. ಅವರ ಬಾಯಿ ಬಿಸಿ ತಡೆಯುವುದಿಲ್ಲ. ನಾನು “ಆರಿದೆ, ಕುಡೀರಿ” ಎಂದರೆ ಗಟಗಟ ಕುಡಿದುಬಿಡುತ್ತಿದ್ದರು. ಹೋದ ಭಾನುವಾರವೂ ಹಾಗೇ ಹೇಳಿ ಕಪ್ಪು ಕೈಗಿಟ್ಟೆ. ಅವರು ಅದರಲ್ಲಿ ಕಿರುಬೆರಳು ಅದ್ದಿ ನೋಡಿ, ಆಮೇಲೆ ಕುಡಿದರು. ನನ್ನ ‘ಆರಿದೆ’ ಎಂಬ ಮಾತನ್ನೂ ನಾನು ತಮಗೆ ಮಾರಿದ್ದು ಒಪ್ಪಂದದ ಎಷ್ಟನೆಯ ಪುಟದಲ್ಲಿ ಎಂದು ದಯವಿಟ್ಟು ತಿಳಿಸಬೇಕು.