ಕಲ್ಲಿದ್ದಲಿನ ಅಳಿಯ, ಅಣುವಿನ ಅಳಿಯ

ವರ್ಕಾಡಿಯಲ್ಲಿ ನನ್ನ ಮನೆಯಲ್ಲಿ ಉರಿಯುವುದು ಮೂರೇ ಬಲ್ಬು. ಆದರೂ ಕರೆಂಟಿನ ವಿಷಯದಲ್ಲಿ ನಮ್ಮಲ್ಲಿ ಆಗುವಷ್ಟು ಗಲಾಟೆ ಬೇರೆಲ್ಲೂ ಆಗಲಿಕ್ಕಿಲ್ಲ. ಕಾರಣ ನನ್ನ ಇಬ್ಬರು ಅಳಿಯಂದಿರು. ದೊಡ್ಡವನಿಗೆ ಕಲ್ಲಿದ್ದಲು ಉರಿಸಿ ಕರೆಂಟು ಮಾಡುವಲ್ಲಿ ಕೆಲಸ, ಚಿಕ್ಕವನಿಗೆ ಅಣುವಿನಿಂದ ಮಾಡುವಲ್ಲಿ. ನಾನು ಬೀಡಿ ಕಟ್ಟುವವಳು. ನನಗೆ ಗೊತ್ತಿರುವುದು ಒಲೆಯ ಬೆಂಕಿ ಮಾತ್ರ. ಆಸೆ ಕೂಡ ಒಂದೇ: ಇಬ್ಬರು ಮಕ್ಕಳು, ಇಬ್ಬರು ಅಳಿಯಂದಿರು ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು.

೧. ಹಂಡೆ

ಚಿಕ್ಕ ಮಗಳ ಮದುವೆಯಾದ ಹೊಸತು. ಎಲ್ಲರೂ ಬಂದಿದ್ದರು. ಕಾಪಿ ಕುಡಿಯುವಾಗಲೇ ಶುರುವಾಯಿತು.

"ನಿಮಗೆ ರೈಲುಗಟ್ಟಲೆ ಕಲ್ಲಿದ್ದಲು ಬೇಕು ಅಣ್ಣಾ. ನಮಗೆ ಬೆರಳ ತುದಿಯಷ್ಟು ಗುಳಿಗೆಗಳು ಸಾಕು. ಹೊಗೆಯೂ ಇಲ್ಲ," ಅಂದ ಚಿಕ್ಕವನು.

"ಹೊಗೆಯಾದರೆ ಕಣ್ಣಿಗೆ ಕಾಣ್ತದೆ ಮಾರಾಯ. ನಿಮ್ಮದು ಕಾಣುವುದೇ ಇಲ್ಲವಲ್ಲ, ಅದಕ್ಕೇ ಹೆದರಿಕೆ," ಅಂದ ದೊಡ್ಡವನು.

ನಾನು ಕೇಳಿದೆ, "ಅಷ್ಟು ಬೆಂಕಿ ಮಾಡಿ ನೀವು ಎಂತ ಮಾಡುವುದು?"

"ನೀರು ಕಾಯಿಸುವುದು ಅತ್ತೆ. ಆವಿ ಬಂದು ಚಕ್ರ ತಿರುಗಿಸ್ತದೆ," ಅಂದ ದೊಡ್ಡವನು.

"ನಿನ್ನಲ್ಲಿ?"

ಚಿಕ್ಕವನು ತಲೆ ಕೆರೆದ. "ನಮ್ಮಲ್ಲಿಯೂ ನೀರೇ ಕಾಯಿಸುವುದು."

"ಇಬ್ಬರೂ ನೀರು ಕಾಯಿಸುವವರಾ! ಬಚ್ಚಲಿನ ಹಂಡೆಗೆ ಬೆಂಕಿ ಹಾಕಿ ಅಂತ ಬೆಳಗ್ಗೆಯಿಂದ ಹೇಳ್ತಿದ್ದೇನೆ, ಒಬ್ಬನಾದರೂ ಎದ್ದನಾ?"

೨. ಎರಡು ಸಲ ಊಟ

ದೊಡ್ಡವನು ಒಮ್ಮೆ ಅವನಲ್ಲಿಯ ಕಲ್ಲಿದ್ದಲಿನ ಬೂದಿಯಿಂದ ಮಾಡಿದ ಇಟ್ಟಿಗೆ ತಂದು ನನಗೆ ಬಟ್ಟೆ ಒಗೆಯುವ ಕಟ್ಟೆ ಕಟ್ಟಿಸಿಕೊಟ್ಟ. ಕಟ್ಟೆಯ ಮೇಲೆ ಕೂತು ಚಿಕ್ಕವನನ್ನು ಕೇಳಿದ, "ನಿಮ್ಮ ಅಣುವಿನ ಕಸದಿಂದ ಎಂತ ಕಟ್ಟುವುದು ಮಾರಾಯ? ಕೋಳಿಗೂಡಾ?" ಚಿಕ್ಕವನಿಗೆ ಸಿಟ್ಟು ಬಂತು. ಹೆಂಡತಿಯನ್ನು ಕರೆದುಕೊಂಡು ಸಿಕ್ಕಿದ ಜೀಪು ಹತ್ತಿದ. ಅಲ್ಲಿಂದ ಒಬ್ಬನಿರುವಾಗ ಇನ್ನೊಬ್ಬ ಬರುವುದು ನಿಂತಿತು.

ನಮ್ಮಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಬಡಿಸಿ, ಬಾಗಿಲು ಎಳೆದುಕೊಂಡು, ಸ್ವಲ್ಪ ಹೊತ್ತು ಹೊರಗೆ ಕೂರುವುದು. ಆ ವರ್ಷ ದೊಡ್ಡ ಮಗಳು, ಅಳಿಯ ಮಧ್ಯಾಹ್ನ ಬಂದರು, ಬಡಿಸಿದೆವು. ಅವರು ಹೋದ ಮೇಲೆ ಚಿಕ್ಕವರು ಬಂದರು. "ಅಪ್ಪನಿಗೆ ನಾನು ಬಡಿಸುವುದು ಬೇಡವಾ?" ಅಂತ ಚಿಕ್ಕ ಮಗಳು ಕಣ್ಣಲ್ಲಿ ನೀರು ಹಾಕಿದಳು. ಮತ್ತೆ ಎಲೆ ಹಾಕಿದೆವು. ಅವರೂ ಹೋದ ಮೇಲೆ ಎಲೆಯ ಎದುರು ನಾನೊಬ್ಬಳೇ ಕೂತೆ. ನನ್ನ ಗಂಡ ಬದುಕಿದ್ದಾಗ ಎರಡನೇ ಸಲ ಅನ್ನ ಕೇಳಿದರೆ ಬೈಯುತ್ತಿದ್ದೆ. ಈಗ ನೋಡಿ, ಕೇಳದೆಯೇ ಎರಡು ಊಟ, ಬೈಗುಳವೂ ಇಲ್ಲ.

೩. ಪಾಳಿ

ಈ ವರ್ಷ ಎಲೆ ಹಾಕುವ ದಿನಕ್ಕೆ ನಾನೊಂದು ಸುಳ್ಳು ಹೇಳಿದೆ. ಇಬ್ಬರಿಗೂ ಫೋನು ಮಾಡಿ, "ಅವನು ಬರುವುದಿಲ್ಲ, ನೀನು ಬಾ," ಅಂದೆ. ಅಂಗಳದಲ್ಲಿ ಮುಖಾಮುಖಿಯಾದರು. ಬಾಗಿಲು ಎಳೆದು ಹೊರಗೆ ಕೂತಷ್ಟು ಹೊತ್ತು ತೆಪ್ಪಗಿದ್ದರು, ಆಮೇಲೆ ಪುನಃ ಅದೇ.

"ನಿಮ್ಮ ಕಸವನ್ನು ಸಾವಿರಾರು ವರ್ಷ ಕಾಯಬೇಕಲ್ಲ, ಯಾರು ಕಾಯುವುದು?" ಅಂದ ದೊಡ್ಡವನು.

"ನಾವೇ ಕಾಯ್ತೇವೆ. ಒಂದು ಗಳಿಗೆ ಕೂಡ ಒಂಟಿಯಾಗಿ ಬಿಡುವುದಿಲ್ಲ."

ನನಗೆ ಆಶ್ಚರ್ಯವಾಯಿತು. "ಕಸದ ಹತ್ತಿರ ಯಾವಾಗಲೂ ಜನ ಇರ್ತಾರಾ?"

"ಇರಲೇಬೇಕು ಅತ್ತೆ. ಪಾಳಿ ಮುಗಿದರೂ ಮುಂದಿನವ ಬಾರದೆ ಹಿಂದಿನವ ಜಾಗ ಬಿಡುವ ಹಾಗಿಲ್ಲ."

"ನಮ್ಮಲ್ಲಿಯೂ ಹಾಗೆಯೇ," ಅಂದ ದೊಡ್ಡವನು. ಅವರಿಬ್ಬರು ಒಪ್ಪಿದ ಮೊದಲ ಮಾತು ಅದು.

"ಹಾಗಾದರೆ ನನ್ನನ್ನೂ ಆ ಕಸದ ಒಟ್ಟಿಗೆ ಇಟ್ಟುಬಿಡು ಮಗಾ," ಅಂದೆ. "ಇಲ್ಲಿ ನನ್ನ ಹತ್ತಿರ ಇರುವುದು ಬೀಡಿಯ ಮೊರ ಒಂದೇ."

ತಮಾಷೆಗೆ ಅಂದದ್ದು. ಆದರೆ ದೊಡ್ಡ ಮಗಳು ಸೌಟು ಕೆಳಗಿಟ್ಟಳು. ದೊಡ್ಡವನು ಹೇಳಿದ, "ತಿಂಗಳಿಗೊಮ್ಮೆ ಪಾಳಿ ಮಾಡುವ. ಶನಿವಾರ ನಾವು ಬರ್ತೇವೆ, ಭಾನುವಾರ ಬೆಳಗ್ಗೆ ನೀವು ಬಂದು ವಹಿಸಿಕೊಳ್ಳಿ. ಒಟ್ಟಿಗೆ ಕೂರುವುದೆಲ್ಲ ಬೇಡ."

"ಆಯ್ತು. ಆದರೆ ನಾವು ಬರುವ ತನಕ ನೀವು ಜಾಗ ಬಿಡಬಾರದು ಅಣ್ಣಾ. ನಿಯಮ ನಿಯಮವೇ," ಅಂದ ಚಿಕ್ಕವನು.

ಈಗ ಹಾಗೆಯೇ ನಡೆಯುತ್ತಾ ಉಂಟು. ಭಾನುವಾರ ಬೆಳಗ್ಗೆ ದೊಡ್ಡವನು ಚೀಲ ಕಟ್ಟಿಕೊಂಡು ಗಡಿಯಾರ ನೋಡ್ತಾ ಕೂರ್ತಾನೆ. ನಾನು ಅಕ್ಕಿಯನ್ನು ಐದು ಜನಕ್ಕೆ ಅಳೆದು ಹಾಕಿ, ಹಂಡೆಗೆ ಬೆಂಕಿ ಹಾಕುವ ನೆವದಲ್ಲಿ ಬಚ್ಚಲಿಗೆ ಹೋಗಿ, ಚಿಕ್ಕವನಿಗೆ ಮೆಲ್ಲ ಫೋನು ಮಾಡ್ತೇನೆ:

"ಅವಸರ ಎಂತದು ಮಗಾ? ನಿಧಾನ ಬಾ. ಊಟದ ಹೊತ್ತಿಗೆ ಮುಟ್ಟಿದರೆ ಸಾಕು."