ಬೀಜ ಮುಗಿಯುವವರೆಗೆ

ಮಂಡಿಯ ಹಿಂದಿನ ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಕಟ್ಟುಪಾಡು: ಪಣಕ್ಕೆಂದು ಎದುರಿಗಿರುವ ಹುಣಸೆ ಬೀಜ ಮುಗಿಯದೆ ಯಾರೂ ಮನೆಗೆ ಹೊರಡುವಂತಿಲ್ಲ. ಕೋಲಾರದ ಟೊಮೆಟೊ ಹರಾಜು ಮುಗಿಸಿ ಪೋಕರ್‌ಗೆ ಕೂತಿದ್ದ ತೂಕದ ಗುಮಾಸ್ತ ಕೋದಂಡರಾಮಪ್ಪನ ಎದುರು ಮೂರೂವರೆಗೆ ಅರವತ್ತು ಬೀಜಗಳಿದ್ದವು.

ಐದರ ಬಸ್ಸು ಹಿಡಿದು ಅವನು ಶ್ರೀನಿವಾಸಪುರ ಸೇರಬೇಕಿತ್ತು. ಆರಕ್ಕೆ ಹೆಂಡತಿ ಶಾಮಲಮ್ಮ ಮುಳಬಾಗಿಲಿನ ತವರಿನಿಂದ ಬರುತ್ತಾಳೆ. ಮನೆಗೆ ಇರುವುದು ಒಂದೇ ಬೀಗದ ಕೈ. ಅದು ಇಲ್ಲಿ, ಫ್ಯಾನಿನ ಗಾಳಿಗೆ ಹಾರದಂತೆ ಅವನ ಇಸ್ಪೀಟೆಲೆಗಳ ಮೇಲೆ ಕೂತಿತ್ತು. ಗಂಡ ಇಸ್ಪೀಟು ಬಿಟ್ಟು ನಾಲ್ಕು ವರ್ಷವಾಯಿತೆಂದು ಆಕೆ ನಂಬಿದ್ದಳು.

ಅದು ಲಿಮಿಟ್ ಟೇಬಲ್. ಒಂದು ಸಲಕ್ಕೆ ಎರಡೇ ಬೀಜ ಹಾಕಬೇಕು. ಬೇಕೆಂದೇ ಸೋಲುವುದು, ತೊಟ್ಟಿಕ್ಕುವ ನಲ್ಲಿಯಿಂದ ಡ್ರಮ್ಮು ಖಾಲಿ ಮಾಡಿದಂತೆ.

"ನೋ-ಲಿಮಿಟ್ಟಿಗೆ ಬಾ ಅಣ್ಣಾ," ಎಂದು ಪಕ್ಕದ ಟೇಬಲಿನಿಂದ ಕರೆದ ಟೊಮೆಟೊ ತುಂಬುವ ಬಾಕ್ಸುಗಳ ವ್ಯಾಪಾರಿ ಏಜಾಜ್. "ಇರೋದೆಲ್ಲ ಒಂದೇ ಸಲ ತಳ್ಳಬಹುದು. ಒಂದಾಟ, ಖಾಲಿ."

ಕೋದಂಡರಾಮಪ್ಪ ಬೀಜ, ಬೀಗದ ಕೈ ಎತ್ತಿಕೊಂಡು ಹೋದ. ಎಲೆ ನೋಡದೆಯೇ ಅರವತ್ತನ್ನೂ ತಳ್ಳಿದ. ಎಲ್ಲರೂ ಎಲೆ ಮಡಚಿ, ಆಟದ ಮೊದಲು ಇಟ್ಟಿದ್ದ ಬೀಜಗಳನ್ನು ಅವನಿಗೇ ಬಿಟ್ಟರು. ಲಿಮಿಟ್ ಟೇಬಲಿನಲ್ಲಿ ಒಳ್ಳೆಯ ಎಲೆಯಿಲ್ಲದೆ ಎರಡು ಬೀಜವನ್ನೂ ಮುಟ್ಟದಿದ್ದ ಮನುಷ್ಯ ಅವನು; ತಳ್ಳಿದನೆಂದರೆ ಭಾರೀ ಎಲೆಯೇ ಇರಬೇಕು. ಮತ್ತೆ ತಳ್ಳಿದ, ಮತ್ತೆ ಮಡಚಿದರು. ನಾಲ್ಕೂವರೆಗೆ ರಾಶಿ ನೂರ ನಲವತ್ತಕ್ಕೆ ಬೆಳೆದಿತ್ತು. ಎಲೆ ನೋಡಿಯೇ ಇಲ್ಲವೆಂದು ಅವನು ಆಣೆ ಮಾಡಿ ಹೇಳಿದ. ಅದನ್ನೂ ಜಾಣತನವೆಂದು ಮೆಚ್ಚಿಕೊಂಡರು.

ಬೆನ್ನ ಹಿಂದೆ ನಿಂತಿದ್ದ ಹರಾಜುಗಾರ ಅಮರನಾಥ್ ಕಿವಿಯಲ್ಲಿ ಪಾಠ ಹೇಳಿದ. "ಅಷ್ಟೊಂದು ತಳ್ಳಿದ್ರೆ ಯಾವನು ಬರ್ತಾನಣ್ಣ? ಮೊದ್ಲು ಮೂರು ಬೀಜ ಹಾಕು. ಆಸೆ ಹುಟ್ಟಿಸು. ಆಮೇಲೆ ತಳ್ಳು."

ಕೋದಂಡರಾಮಪ್ಪ ಮೊದಲ ಸಲ ಬೀಗದ ಕೈ ಎತ್ತಿ ರಾಶಿಯ ಮೇಲಿಟ್ಟು, ಎಲೆ ನೋಡಿದ. ಎರಡು, ಏಳು. ಇದಕ್ಕಿಂತ ಕೆಟ್ಟದ್ದು ಕಟ್ಟಿನಲ್ಲೇ ಇಲ್ಲ. ಮೂರು ಬೀಜ ಹಾಕಿ ನಿಟ್ಟುಸಿರು ಬಿಟ್ಟ. ಏಜಾಜ್ ಮೂವತ್ತು ಹಾಕಿದ. ಕೋದಂಡರಾಮಪ್ಪ ಎರಡೂ ಅಂಗೈಯಿಂದ ರಾಶಿಯನ್ನೆಲ್ಲ ನೂಕಿದ. ಏಜಾಜ್ ಅಷ್ಟನ್ನೇ ಹಾಕಿ, ಜೋಡಿ ಆರು ತೋರಿಸಿ ಎಲ್ಲವನ್ನೂ ಚೀಲಕ್ಕೆ ಬಳಿದುಕೊಂಡ. ಸೋತವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ಆ ಕ್ಲಬ್ಬು ಕಂಡಿರಲಿಲ್ಲ.

ಆರಕ್ಕೆ ಹತ್ತು ನಿಮಿಷವಿರುವಾಗ ಅವನು ಮನೆ ಬಾಗಿಲಲ್ಲಿದ್ದ. ಅದೇ ಹೊತ್ತಿಗೆ ಶಾಮಲಮ್ಮ ಆಟೋದಿಂದಿಳಿದು ಹಲಸಿನ ಹಣ್ಣನ್ನು ಅವನ ತೋಳಿಗೆ ಹೊರಿಸಿದಳು. ಬೀಗದ ಕೈ ಕೇಳಿದಳು. ಅವನು ಹೇಳಿದ ಜೇಬಿನಲ್ಲೆಲ್ಲ ತಾನೇ ತಡಕಿದಳು. ಸಿಕ್ಕಿದ್ದು ಬಸ್ ಟಿಕೆಟ್ಟು ಮತ್ತು ಫೋನು. ಅಷ್ಟರಲ್ಲಿ ಫೋನು ರಿಂಗಾಯಿತು. ಅವಳೇ ಎತ್ತಿದಳು. ಆಚೆಯಿಂದ ಏಜಾಜ್‌ನ ದನಿ:

"ಅಣ್ಣಾ, ನಿನ್ ಬೀಗದ ಕೈನೂ ರಾಶೀಲೇ ಬಂದೈತೆ. ನೋ-ಲಿಮಿಟ್ಟಲ್ಲಿ ತಳ್ಳಿದ್ದೆಲ್ಲ ಗೆದ್ದವನದೇ. ಬಂದು ಆಡಿ ಗೆದ್ಕೋ."

ಶಾಮಲಮ್ಮ ಫೋನನ್ನು ಅವನ ಜೇಬಿಗೆ ಹಾಕಿ, ಜಗುಲಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೋಗ್ಬನ್ನಿ. ಅಲ್ಲಿ ಲಿಮಿಟ್ಟಿಲ್ವಂತೆ, ನನಗೈತೆ. ಎಂಟು ಗಂಟೆವರೆಗೆ."