ಪೆನ್ಸಿಲ್ ಹಿಡಿಯದೆ ಪೆನ್ಸಿಲ್ ಚಿತ್ರ ಬರೆಯುವ ಗುಂಡಿಯವರಿಗೆ

ಮಾನ್ಯರೇ,

ನಮ್ಮ ಕಟ್ಟಡ ವಿನ್ಯಾಸ ಕಚೇರಿಯ ಪ್ರತಿಯೊಂದು ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ‘ಕೈಚಿತ್ರ ಶೈಲಿ’ ಎಂಬ ಬಿರುದು ಧರಿಸಿ ವಿರಾಜಮಾನರಾಗಿರುವ ತಮಗೆ, ಮೂವತ್ತು ವರ್ಷಗಳಿಂದ ಎಳೆಯರಿಗೆ ಗೆರೆ ಎಳೆಯಲು ಕಲಿಸುತ್ತ ಬಂದವನ ಸಾದರ ವಂದನೆಗಳು.

ಗೋಡೆ, ಚಾವಣಿ, ಅಳತೆಗಳೆಲ್ಲ ಇತ್ಯರ್ಥವಾಗಿ ಮುಗಿದ ಮೂರು ಆಯಾಮದ ಮನೆಯನ್ನು ತಾವು ನಾಲ್ಕೇ ಸೆಕೆಂಡಿನಲ್ಲಿ, ಯಾರೋ ಈಗಷ್ಟೇ ಯೋಚಿಸುತ್ತ ಗೀಚಿದಂತೆ ಮಾಡಿಕೊಡುತ್ತೀರಿ. ಕೈಯಲ್ಲಿ ಎಳೆದಾಗ ಆಗುವಂತೆ ಮೂಲೆಮೂಲೆಯಲ್ಲೂ ಗೆರೆಗಳು ಒಂದನ್ನೊಂದು ತುಸು ದಾಟಿ ನಿಲ್ಲುತ್ತವೆ, ಅದೂ ಎಲ್ಲ ಕಡೆ ಒಂದೇ ಅಳತೆಯಲ್ಲಿ. ‘ಕೈನಡುಕ’ವನ್ನು ಶೇಕಡಾ ನಲವತ್ತಕ್ಕೆ ಏರಿಸುವ ಸೌಲಭ್ಯವೂ ಉಂಟು. ಶಿಷ್ಯರ ಕೈನಡುಕ ಬಿಡಿಸಲು ವರ್ಷಗಟ್ಟಲೆ ಹೆಣಗುವ ನನ್ನಂಥ ಮಂದಮತಿಗೆ, ಎಂದೂ ತಪ್ಪದವರು ತಪ್ಪಿದಂತೆ ನಟಿಸುವ ಈ ವಿನಯ ಎಲ್ಲಿಂದ ಬರಬೇಕು?

ನಮ್ಮಲ್ಲೊಂದು ರೂಢಿಯಿದೆ. ಮನೆ ಕಟ್ಟಿಸುವವರ ಮುಂದೆ ಕೈಚಿತ್ರ ಇಟ್ಟರೆ ಪಕ್ಕದಲ್ಲೊಂದು ಪೆನ್ಸಿಲ್ಲನ್ನೂ ಇಡುತ್ತೇವೆ. ಇನ್ನೂ ಏನೂ ನಿಶ್ಚಯವಾಗಿಲ್ಲ, ತಿದ್ದಿ ಎಂದು ಅದರರ್ಥ. ಕಳೆದ ವಾರ ಕಚೇರಿಯ ಯಜಮಾನರ ಅಪ್ಪಣೆಯಂತೆ ತಮ್ಮ ಕೃತಿಯನ್ನು ಮೇಜಿನ ಮೇಲಿಟ್ಟ ನನ್ನ ಕಿರಿಯ ಶಿಷ್ಯೆ, ಅಭ್ಯಾಸಬಲದಿಂದ ಪೆನ್ಸಿಲ್ಲನ್ನೂ ಇಟ್ಟುಬಿಟ್ಟಳು. ಮನೆ ಕಟ್ಟಿಸುತ್ತಿದ್ದ ನಿವೃತ್ತ ನರ್ಸಮ್ಮ ಅದನ್ನೆತ್ತಿಕೊಂಡು, ಈಚೆಗೆ ಗಾಲಿಕುರ್ಚಿ ಹಿಡಿದ ತಮ್ಮನಿಗಾಗಿ ಬಚ್ಚಲಿನ ಬಾಗಿಲನ್ನು ಅಗಲವಾಗಿ ತಿದ್ದಿದರು. ನಕ್ಷೆಯಾದರೋ ಆಗಲೇ ಗಾರೆ ಮೇಸ್ತ್ರಿಯ ಕೈ ಸೇರಿತ್ತು.

“ಅಮ್ಮಾ, ಅದು ಆಗ್ಲೇ ಮುಗಿದುಹೋಗಿದೆ. ನೋಡೋಕೆ ಮಾತ್ರ ಹೀಗಿದೆ,” ಎಂದಳು ಇವಳು, ತಲೆ ತಗ್ಗಿಸಿ.

“ಮತ್ತೆ ಪೆನ್ಸಿಲ್ ಯಾಕೆ ಕೊಟ್ಟೆ, ಮಗಳೇ?” ಎಂದರು ಅವರು.

ಆದಕಾರಣ ತಾವು ದಯಮಾಡಿ ಪರದೆಯಿಂದಿಳಿದು, ಕಟ್ಟಡದ ಬಳಿಗೆ ಬಿಜಯಂಗೈದು, ಅಲ್ಲಿ ಎದ್ದು ನಿಂತಿರುವ ಇಟ್ಟಿಗೆಗಳನ್ನೂ ಶೇಕಡಾ ನಲವತ್ತರಷ್ಟು ಅನಿಶ್ಚಿತಗೊಳಿಸಿಕೊಡಬೇಕಾಗಿ ಕೋರುತ್ತೇನೆ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನರ್ಸಮ್ಮನವರ ಆ ಪ್ರಶ್ನೆಗೊಂದು ಉತ್ತರವನ್ನಾದರೂ ಗೀಚಿ ಕಳಿಸಿ.

ಹುಡುಗಿ ಮಾತ್ರ ತಮಗಾಗಿ ಕಾಯಲಿಲ್ಲ. ಮರುದಿನವೇ ಟೇಪು ಹಿಡಿದು ಹೋಗಿ ಗಾಲಿಕುರ್ಚಿಯನ್ನು ಅಳೆದು, ಕಾಗದ ತೂತಾಗುವವರೆಗೆ ಅಳಿಸಿ ಅಳಿಸಿ ಬಾಗಿಲನ್ನು ಬರೆದು, ಮೇಸ್ತ್ರಿಯ ಮುಂದೆ ಹಿಡಿದಳು. “ನಾಳೆ ಬಂದಿದ್ರೆ ಚೌಕಟ್ಟು ಕೂತಿರ್ತಿತ್ತು, ತಾಯಿ,” ಎಂದು ಗೊಣಗುತ್ತ ಅವನು ಬಾಗಿಲ ಪಕ್ಕದ ಎರಡು ಸಾಲು ಇಟ್ಟಿಗೆ ಕಿತ್ತ. ಇಂಥ ಮಕ್ಕಳಿರುವಾಗ ನಾನು ಇನ್ನೂ ಹತ್ತು ವರ್ಷ ಪಾಠ ಹೇಳಬಲ್ಲೆ.

ಇಂತು, ತಮ್ಮನ್ನು ಹೊರತುಪಡಿಸಿ ಮಿಕ್ಕೆಲ್ಲರ ಮೇಲೂ ವಿಶ್ವಾಸವುಳ್ಳ
ತಮ್ಮ ವಿಶ್ವಾಸಿ,
ನಕ್ಷೆ ಕಚೇರಿಯ ಹಿರಿಯ

ತಾ.ಕ.: ತಮ್ಮ ಚಿತ್ರದ ಹೊಸ ಪ್ರತಿಯೊಂದಕ್ಕೆ ಗಾಜು ಹಾಕಿಸಿ ಯಜಮಾನರು ಗೋಡೆಗೆ ತೂಗುಹಾಕಿದ್ದಾರೆ. ಅದರಲ್ಲಿ ಬಾಗಿಲು ಇನ್ನೂ ಕಿರಿದಾಗಿಯೇ ಇದೆ. ಆ ಮನೆಯಲ್ಲಿ ಯಾರೂ ಸ್ನಾನ ಮಾಡಬೇಕಾಗಿಲ್ಲವಾದ್ದರಿಂದ ತಾವು ಚಿಂತಿಸಬಾರದು.